ನಾಯಿಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆಯ ದೋಷಗಳು: ಪ್ರಯೋಗಾಲಯ ಪರೀಕ್ಷೆ

ವಸಡು ಅಥವಾ ಮೂಗಿನಿಂದ ಕಾರಣವಿಲ್ಲದೆ ರಕ್ತ ಸೋರುವ, ಸಣ್ಣ ಗಾಯದ ರಕ್ತಸ್ರಾವವೂ ನಿಲ್ಲದಿರುವ ನಾಯಿಗಳಿಗೆ ಈ ಪರೀಕ್ಷೆಯು ಅವಶ್ಯಕವಾಗಿರುತ್ತದೆ.

ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರಾವಣವಿರುವಂತೆ ನಳಿಕೆಯಲ್ಲಿ ಮಾದರಿಯನ್ನು ಸಂಗ್ರಹಿಸಲಾಗುತ್ತದೆ. ನಳಿಕೆಯು ಗುರುತಿನವರೆಗೆ ತುಂಬದಿದ್ದಲ್ಲಿ ಹೆಪ್ಪುಗಟ್ಟುವ ಅವಧಿಯು ಇರುವುದಕ್ಕಿಂತ ಹೆಚ್ಚಾಗಿ ಕಂಡುಬರುವುದರಿಂದ ಅಂತಹ ಮಾದರಿಯು ಪರೀಕ್ಷೆಗೆ ಯೋಗ್ಯವಲ್ಲ. ಪ್ಲೇಟ್‌ಲೆಟ್ ಎಣಿಕೆಗೆ ಪ್ರತ್ಯೇಕ ಇಡಿಟಿಎ ನಳಿಕೆ ಬೇಕಾಗುತ್ತದೆ. ಉಣ್ಣೆಗಳಿಂದ ಹರಡುವ ಎರ್ಲಿಕಿಯಾ ರೋಗದಲ್ಲಿ ಸಾಮಾನ್ಯವಾಗಿ ಕುಸಿಯುವುದು ಈ ಸಂಖ್ಯೆಯೇ.

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಇಲಿ ಪಾಷಾಣವನ್ನು ನಾಯಿಯು ತಿಂದಿದ್ದಲ್ಲಿ, ವಿಟಮಿನ್ ಕೆ ಅವಲಂಬಿತ ಅಂಶಗಳ ಪೈಕಿ ಏಳನೆಯದು ಮೊದಲು ಬರಿದಾಗುವುದರಿಂದ ಪ್ರೋಥ್ರಾಂಬಿನ್ ಅವಧಿಯು ಮೊದಲಿಗೆ ಏರುತ್ತದೆ. ಆದರೆ ತಿಂದ ದಿನದ ವರದಿಯು ಸಹಜವಾಗಿದ್ದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸತಕ್ಕದ್ದಲ್ಲ. 48ರಿಂದ 72 ಗಂಟೆಗಳ ನಂತರ ಮರುಪರೀಕ್ಷೆ ಅಗತ್ಯ. ವಿಟಮಿನ್ ಕೆ1 ಈಗಾಗಲೇ ನೀಡಿದ್ದಲ್ಲಿ ಅದನ್ನು ಕಡ್ಡಾಯವಾಗಿ ತಿಳಿಸತಕ್ಕದ್ದು. ಪಾಷಾಣದ ಪೊಟ್ಟಣವನ್ನೂ ತರುವುದು ಸೂಕ್ತ. ಅದು ಜಿಂಕ್ ಫಾಸ್ಫೈಡ್ ಆಗಿದ್ದಲ್ಲಿ ವಿಷದ ಕ್ರಿಯೆಯೇ ಬೇರೆಯಾದುದರಿಂದ ಈ ಪರೀಕ್ಷೆಯನ್ನು ನೆಚ್ಚಿ ಕಾಲಹರಣ ಮಾಡಬಾರದು.

ಡಾಬರ್‌ಮನ್ ತಳಿಯಲ್ಲಿ ಹೆಚ್ಚಾಗಿ ಕಾಣುವ ಆನುವಂಶಿಕ ವಾನ್ ವಿಲ್ಲೆಬ್ರಾಂಡ್ ದೋಷವು ಮೇಲಿನ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಗೋಚರಿಸುವುದಿಲ್ಲ. ಈ ತಳಿಯ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ಸದರಿ ಅಂಶದ ಪ್ರತ್ಯೇಕ ಪರೀಕ್ಷೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸತಕ್ಕದ್ದು.