ಸಣ್ಣ ಕಾರಿಗೆ ದೊಡ್ಡ ಎಂಜಿನ್ನು

ಕಲಾ ವಿಭಾಗದ ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಓದುತ್ತಿರುವುದು ಚರಿತ್ರೆ. ಆದರೆ ನನ್ನ ಸೋದರಮಾವನವರ ಬಳಿ ಒಂದು ಹಳೆಯ ಅಂಬಾಸಡರ್ ಕಾರಿತ್ತು. ಪೆಟ್ರೋಲಿನ ಖರ್ಚು ತಾಳಲಾರದೆ ಅವರು ಅದರ ಎಂಜಿನ್ನನ್ನು ಇಳಿಸಿ, ಡೀಸೆಲ್ ಎಂಜಿನ್ನೊಂದನ್ನು ಕೂರಿಸಿದರು. ಒಂದು ಕಾಲಕ್ಕೆ ನಮ್ಮ ಕಡೆ ಅನೇಕರು ಹೀಗೆ ಮಾಡಿಸುತ್ತಿದ್ದರು. ಎಂಜಿನ್ನೇನೋ ಚೆನ್ನಾಗಿ ಓಡಿತು. ಆದರೆ ಕಾರಿನ ಮೂತಿ ಮೇವಿಗೆ ಬಗ್ಗಿದ ಎತ್ತಿನಂತೆ ನೆಲದ ಕಡೆಗೆ ಬಾಗಿತು. ಸ್ಟಿಯರಿಂಗು ತಿರುಗಿಸಲು ಎರಡು ತೋಳಿನ ಬಲವೂ ಬೇಕಾಯಿತು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ, ನಿಲ್ಲಬೇಕೋ ಬೇಡವೋ ಎಂದು ಗಾಡಿ ಕೊಂಚ ಯೋಚಿಸುತ್ತಿತ್ತು. “ಬದಲಾಯಿಸಿದ್ದು ಎಂಜಿನ್ನು ಒಂದೇ ಕಣೋ, ಉಳಿದದ್ದೆಲ್ಲ ಯಾಕೆ ಹೀಗೆ ಕೈಕೊಟ್ಟಿತು?” ಎಂದು ಮಾವನವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನು ಕೊನೆಗೆ 1960ರ ದಶಕದ ಇಂಗ್ಲೆಂಡನ್ನೂ ಅಮೆರಿಕವನ್ನೂ ಸೇರಿದೆ. ಪುಸ್ತಕಗಳ ಮೂಲಕವೆಂದು ಬೇರೆ ಹೇಳಬೇಕಾಗಿಲ್ಲ.

ಆ ದಿನಗಳ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ಇಬ್ಬರಿಗೆ ಮಾತ್ರ ಆಸನ, ತಗ್ಗಾದ ಮೈ, ಉದ್ದನೆಯ ಮೂತಿ, ಮಡಿಸಿಡಬಹುದಾದ ಬಟ್ಟೆಯ ಮುಚ್ಚಳ. ನೋಡಲು ಚಿರತೆಯಂತಿದ್ದರೂ ಒಳಗಿನ ಎಂಜಿನ್ನು ಚಿಕ್ಕದು. ಇದಕ್ಕೆ ಚರಿತ್ರೆಯ ಕಾರಣವೊಂದಿದೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಸಿಲಿಂಡರುಗಳ ಸಂಖ್ಯೆಯನ್ನೂ ಅವುಗಳ ಬಾಯಿಯ ಅಗಲವನ್ನೂ ಲೆಕ್ಕಹಾಕಿ ಕಾರಿಗೆ ತೆರಿಗೆ ವಿಧಿಸುತ್ತಿದ್ದರು. ಅಗಲ ಹೆಚ್ಚಿದರೆ ತೆರಿಗೆ ಹೆಚ್ಚು. ಆದ್ದರಿಂದ ಅಲ್ಲಿನ ತಯಾರಕರು ಸಪೂರವಾದ ಸಣ್ಣ ಎಂಜಿನ್ನುಗಳನ್ನೇ ಮಾಡುತ್ತ ಬಂದರು. ಯುದ್ಧ ಮುಗಿದ ಮೇಲೆ ಆ ತೆರಿಗೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಅತ್ತ ಅಮೆರಿಕದಲ್ಲಿ ಪೆಟ್ರೋಲು ಅಗ್ಗ, ರಸ್ತೆ ಉದ್ದ. ಅಲ್ಲಿ ಎಂಟು ಸಿಲಿಂಡರಿನ ಭಾರಿ ಎಂಜಿನ್ನೇ ಸಾಮಾನ್ಯ. ಇಲ್ಲಿಯ ಮೈಗೆ ಅಲ್ಲಿಯ ಎಂಜಿನ್ನು ಕೂರಿಸಿದರೆ ಹೇಗೆಂಬ ಆಲೋಚನೆ ಹಲವರಿಗೆ ಹೊಳೆದದ್ದು ಸಹಜ.

ಇವರಲ್ಲಿ ಎಲ್ಲರಿಗಿಂತ ಹೆಸರಾದವನು ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ. 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯದಲ್ಲಿ ಜೊತೆಗಾರನೊಡನೆ ಗೆದ್ದ ಈತ ಹೃದಯದ ಬೇನೆಯಿಂದ ಪಂದ್ಯ ಬಿಡಬೇಕಾಯಿತು. ಇಂಗ್ಲೆಂಡಿನ ಎ.ಸಿ. ಎಂಬ ಪುಟ್ಟ ಕಂಪೆನಿ ‘ಏಸ್’ ಎಂಬ ಕಾರನ್ನು ಮಾಡುತ್ತಿತ್ತು. ಅದಕ್ಕೆ ಎರಡು ಲೀಟರಿನ ಎಂಜಿನ್ನು ಒದಗಿಸುತ್ತಿದ್ದ ಬ್ರಿಸ್ಟಲ್ ಕಂಪೆನಿ ಅದರ ತಯಾರಿಕೆಯನ್ನು ನಿಲ್ಲಿಸಿತು. 1961ರಲ್ಲಿ ಶೆಲ್ಬಿ ಎ.ಸಿ.ಗೆ ಪತ್ರ ಬರೆದ; ಫೋರ್ಡ್ ಕಂಪೆನಿಯ ಹೊಸ ಎಂಜಿನ್ನನ್ನೂ ಸಂಪಾದಿಸಿದ. 1962ರ ಫೆಬ್ರವರಿಯಲ್ಲಿ ಎಂಜಿನ್ನಿಲ್ಲದ ಕಾರೊಂದು ವಿಮಾನದಲ್ಲಿ ಲಾಸ್ ಏಂಜಲೀಸಿಗೆ ಬಂದಿಳಿಯಿತು. ಎಂಟು ಗಂಟೆಯೊಳಗೆ ಫೋರ್ಡ್ ಎಂಜಿನ್ನು ಅದರೊಳಗೆ ಕೂತಿತು. ಇದೇ ‘ಕೋಬ್ರ’.

ಈ ಎಂಟು ಗಂಟೆಯ ಕಥೆಯನ್ನು ಹೇಳುವವರು ಬಹಳ. ಅದರ ಹಿಂದಿನ ಮುಂದಿನ ಕಥೆಯನ್ನು ಹೇಳುವವರು ಕಡಮೆ. ಕಾರು ವಿಮಾನ ಹತ್ತುವ ಮೊದಲೇ ಎ.ಸಿ.ಯವರು ಹಿಂದಿನ ಆಕ್ಸಲನ್ನು ಬದಲಾಯಿಸಿ ಹೆಚ್ಚು ಗಟ್ಟಿಯದನ್ನು ಹಾಕಿದ್ದರು. ಮುಂದೆ ಏಳು ಲೀಟರಿನ ಎಂಜಿನ್ನು ಹಾಕಹೊರಟಾಗ ಹಳೆಯ ಚೌಕಟ್ಟು ತಾಳದೆ ಹೋಯಿತು. ಮೂರು ಅಂಗುಲದ ಕೊಳವೆಗಳ ಬದಲು ನಾಲ್ಕು ಅಂಗುಲದವು ಬಂದವು; ಪಟ್ಟಿ ಸ್ಪ್ರಿಂಗುಗಳು ಹೋಗಿ ಸುರುಳಿ ಸ್ಪ್ರಿಂಗುಗಳು ಬಂದವು. ಹೊರಗಿನ ಹೋಲಿಕೆ ಬಿಟ್ಟರೆ ಅದು ಬೇರೆಯೇ ಕಾರು ಎನ್ನಬೇಕು.

ನನಗೆ ಕೋಬ್ರಕ್ಕಿಂತ ಅದರ ತಮ್ಮನಂತಿರುವ ‘ಸನ್‌ಬೀಮ್ ಟೈಗರ್’ ಹೆಚ್ಚು ಪ್ರಿಯ. ಏಕೆಂದರೆ ಮಾವನವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರಲ್ಲಿ.

ಇಂಗ್ಲೆಂಡಿನ ರೂಟ್ಸ್ ಸಂಸ್ಥೆ 1959ರಿಂದ ‘ಸನ್‌ಬೀಮ್ ಆಲ್ಪೈನ್’ ಎಂಬ ಅಂದದ ಕಾರನ್ನು ಮಾರುತ್ತಿತ್ತು. ನಾಲ್ಕು ಸಿಲಿಂಡರು, ಒಂದೂವರೆ ಲೀಟರಿಗೆ ತುಸು ಹೆಚ್ಚು, ಸುಮಾರು 80 ಅಶ್ವಶಕ್ತಿ. ಅಮೆರಿಕದವರು ಅದರ ಚೆಲುವನ್ನು ಮೆಚ್ಚಿದರು, ನಡಿಗೆಯನ್ನು ಮೆಚ್ಚಲಿಲ್ಲ. ಫೋರ್ಡ್ ಎಂಜಿನ್ನನ್ನು ಹಾಕಿನೋಡಿ ಎಂಬ ಸಲಹೆ ಕೊಟ್ಟವನು ಪಂದ್ಯಗಳ ವಿಶ್ವವಿಜೇತ ಜಾಕ್ ಬ್ರಾಬಮ್. ಅದು ಅಮೆರಿಕದ ಪಶ್ಚಿಮ ತೀರದಲ್ಲಿ ರೂಟ್ಸ್ ಕಾರುಗಳ ಮಾರಾಟ ನೋಡಿಕೊಳ್ಳುತ್ತಿದ್ದ ಇಯಾನ್ ಗ್ಯಾರಡ್‌ನ ಕಿವಿಗೆ ಬಿತ್ತು.

ಗ್ಯಾರಡ್ ಮಾಡಿದ ಮೊದಲ ಕೆಲಸ ನೋಡಿ. ತನ್ನ ಕೈಕೆಳಗಿನ ಒಬ್ಬನನ್ನು ಬೇರೆ ಬೇರೆ ಕಂಪೆನಿಗಳ ಕಾರಂಗಡಿಗಳಿಗೆ ಕಳುಹಿಸಿದ. ಅವನ ಕೈಯಲ್ಲಿದ್ದ ಉಪಕರಣ ಒಂದು ಮರದ ಗಜಕಡ್ಡಿ! ಯಾವ ಎಂಜಿನ್ನು ಆಲ್ಪೈನಿನ ಮೂತಿಯೊಳಗೆ ಹಿಡಿಸೀತೆಂದು ಅಳೆದು ಬರಬೇಕಾಗಿತ್ತು. ಎಷ್ಟು ಅಶ್ವಶಕ್ತಿ ಎಂಬುದು ಆಮೇಲಿನ ಮಾತು. ಎಷ್ಟು ಅಂಗುಲ ಎಂಬುದು ಮೊದಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವನು ಕೇಳಿರಲಾರ, ಆದರೆ ನಡೆದುಕೊಂಡದ್ದು ಹಾಗೆಯೇ. ಅಳತೆಗೆ ಒದಗಿದ್ದು ಫೋರ್ಡಿನ 260 ಘನ ಅಂಗುಲದ, ಎಂದರೆ ಸುಮಾರು 4.2 ಲೀಟರಿನ ಎಂಜಿನ್ನು.

ನಾಲ್ಕು ಸಿಲಿಂಡರು ಇದ್ದ ಜಾಗದಲ್ಲಿ ಎಂಟು ಹಿಡಿಸುವುದು ಹೇಗೆ? ಎಂಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹಿಡಿಸದು. ಈ ಎಂಜಿನ್ನಿನಲ್ಲಿ ನಾಲ್ಕು ನಾಲ್ಕರ ಎರಡು ಸಾಲುಗಳು. ಕೆಳಗೆ ಕೂಡಿಕೊಂಡು ಮೇಲೆ ಇಬ್ಬದಿಗೆ ಓರೆಯಾಗಿ ಚಾಚಿಕೊಂಡಿರುತ್ತವೆ. ಎರಡು ಬೆರಳನ್ನು ಅಗಲಿಸಿ ಹಿಡಿದಂತೆ ಕಾಣುವ ಈ ಆಕಾರಕ್ಕೆ ‘ವಿ’ ಎಂಬ ಇಂಗ್ಲಿಷ್ ಅಕ್ಷರದ ಹೆಸರು. ಆದ್ದರಿಂದ ಉದ್ದ ಹೆಚ್ಚಿದ್ದು ಮೂರೂವರೆ ಅಂಗುಲ ಮಾತ್ರ. ತೊಡಕಿದ್ದದ್ದು ಅಗಲದಲ್ಲಿ.

ಕೆಲಸವನ್ನು ಶೆಲ್ಬಿಗೇ ಒಪ್ಪಿಸಿದರು. ಕೇಳಿದ ಹಣ 10,000 ಡಾಲರು, ಅವಧಿ ಎಂಟು ವಾರ. ಸಂಸ್ಥೆಯ ಒಡೆಯ ಲಾರ್ಡ್ ರೂಟ್ಸ್‌ಗೆ ಇದು ತಿಳಿದಿರಲಿಲ್ಲ. ಅವರ ಮಗ ಬ್ರಯನ್ ತಂದೆಗೆ ಹೇಳದೆಯೇ ಒಪ್ಪಿಗೆ ಕೊಟ್ಟಿದ್ದ. ಗ್ಯಾರಡ್‌ಗೆ ಎಂಟು ವಾರ ಕಾಯುವ ತಾಳ್ಮೆಯೂ ಇರಲಿಲ್ಲ. ಕೆನ್ ಮೈಲ್ಸ್ ಎಂಬ ಪಂದ್ಯಗಾರನಿಂದ ಒಂದು ವಾರದಲ್ಲಿ, ಕೆಲವೇ ನೂರು ಡಾಲರಿನಲ್ಲಿ, ಇನ್ನೊಂದು ಕಾರಿಗೆ ಅದೇ ಎಂಜಿನ್ನು ಹಾಕಿಸಿ ನೋಡಿದ. ಓಡಿತು. ಓಡುವುದು ಬೇರೆ, ಮಾರಲು ಯೋಗ್ಯವಾಗುವುದು ಬೇರೆ ಎಂಬುದನ್ನು ಶೆಲ್ಬಿಯ ಕಾರು ತೋರಿಸಿತು.

ಎಂಜಿನ್ನನ್ನು ಆದಷ್ಟು ಹಿಂದಕ್ಕೆ ತಳ್ಳಿ ಕೂರಿಸಬೇಕಾಯಿತು. ಇಲ್ಲವಾದರೆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. (ಮಾವನವರ ಕಾರಿನ ಬಾಗಿದ ಮೂತಿಯನ್ನು ವಾಚಕರು ನೆನೆಯಬೇಕು.) ಹಳೆಯ ಸ್ಟಿಯರಿಂಗಿನ ಪೆಟ್ಟಿಗೆ ಅಡ್ಡಬಂದುದರಿಂದ ಅದನ್ನು ತೆಗೆದು, ಹಲ್ಲುಪಟ್ಟಿಯ ಮೇಲೆ ಹಲ್ಲುಗಾಲಿ ಉರುಳುವ ಬೇರೊಂದು ಬಗೆಯದನ್ನು ಹಾಕಿದರು. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರು. ಹಿಂದಿನ ಆಕ್ಸಲನ್ನು ಗಟ್ಟಿ ಮಾಡಿ, ಅದು ಅಡ್ಡಡ್ಡ ಜರುಗದಂತೆ ಒಂದು ಸಲಾಕೆಯನ್ನು ಬಿಗಿದರು. ಹಿಂದಿನ ಹಲ್ಲುಗಾಲಿಗಳ ಪ್ರಮಾಣವೂ ಬದಲಾಯಿತು. ಆಲ್ಪೈನಿನಲ್ಲಿ ಚಕ್ರ ಒಂದು ಸುತ್ತು ಬರಲು ದಂಡ 3.89 ಸುತ್ತು ತಿರುಗುತ್ತಿತ್ತು, ಟೈಗರಿನಲ್ಲಿ 2.88 ಸುತ್ತು ಸಾಕಾಯಿತು. ಬಲವಂತನಿಗೆ ದೊಡ್ಡ ಹೆಜ್ಜೆ ಹಾಕಲು ಬಿಟ್ಟಂತೆ.

ಶಾಖದ ಮಾತು ಇನ್ನೂ ಕಷ್ಟದ್ದು. ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗುವುದಿಲ್ಲ. ಸರಿಸುಮಾರು ಮೂರರಲ್ಲೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ, ಹೆಚ್ಚುಕಡಮೆ ಅಷ್ಟೇ ಪಾಲು ನೀರನ್ನು ಕಾಯಿಸುತ್ತದೆ. ಬಲ ಎರಡರಷ್ಟಾದರೆ ರೇಡಿಯೇಟರಿನ ಮೂಲಕ ಹೊರಹಾಕಬೇಕಾದ ಬಿಸಿಯೂ ಅದೇ ಲೆಕ್ಕದಲ್ಲಿ ಏರುತ್ತದೆ. ಆದರೆ ಗಾಳಿ ಒಳಬರುವ ಮೂತಿಯ ಕಿಂಡಿ ಅಷ್ಟೇ ಇದೆಯಷ್ಟೆ. ದೊಡ್ಡ ರೇಡಿಯೇಟರು ಹಾಕಿದರೂ ಟೈಗರ್ ಬಿಸಿಯೇರುತ್ತದೆಂಬ ದೂರು ಕೊನೆಯವರೆಗೂ ಹೋಗಲಿಲ್ಲ.

ಬ್ರೇಕಿನ ವಿಷಯದಲ್ಲಿ ರೂಟ್ಸ್‌ನವರು ಧಾರಾಳಿಗಳಾಗಲಿಲ್ಲವೆಂದೇ ನನ್ನ ಅಭಿಪ್ರಾಯ. ಆಲ್ಪೈನಿನ ಪರಮ ವೇಗ ಗಂಟೆಗೆ ಸುಮಾರು 100 ಮೈಲಿ, ಟೈಗರಿನದು ಸುಮಾರು 120. ಬರಿಯ ಐದನೆಯ ಒಂದು ಪಾಲು ಹೆಚ್ಚೆಂದು ತೋರುತ್ತದೆ. ಆದರೆ ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ತೂಕವನ್ನು ಬದಿಗಿಟ್ಟರೂ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚಿತು. ಬ್ರೇಕುಗಳು ಮಾತ್ರ ಬಹುಮಟ್ಟಿಗೆ ಆಲ್ಪೈನಿನವೇ.

ಕಾರು 1963ರಲ್ಲಿ ಇಂಗ್ಲೆಂಡಿಗೆ ಹೋಯಿತು. ಲಾರ್ಡ್ ರೂಟ್ಸ್ ಸ್ವತಃ ಓಡಿಸಿ ನೋಡಿದರು. ಕೋಪ ಇಳಿದು ಫೋರ್ಡ್ ಕಂಪೆನಿಗೆ ಒಮ್ಮೆಗೇ 3,000 ಎಂಜಿನ್ನುಗಳಿಗೆ ಬೇಡಿಕೆ ಕಳುಹಿಸಿದರು. 1926ರಲ್ಲಿ ಹೆನ್ರಿ ಸೀಗ್ರೇವ್ ಭೂವೇಗದ ದಾಖಲೆ ಮಾಡಿದ ಸನ್‌ಬೀಮ್ ಗಾಡಿಯ ಹೆಸರನ್ನೇ ಇದಕ್ಕೂ ಇಟ್ಟರು. 1964ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ 164 ಅಶ್ವಶಕ್ತಿಯ ಟೈಗರ್ ಜನರ ಕಣ್ಣಿಗೆ ಬಿತ್ತು.

ಜೋಡಣೆ ನಡೆದದ್ದು ವೆಸ್ಟ್ ಬ್ರಾಮ್‌ವಿಚ್ಚಿನ ಜೆನ್‌ಸನ್ ಕಾರ್ಖಾನೆಯಲ್ಲಿ. ಅಲ್ಲಿಯ ಒಂದು ಸಂಗತಿಯನ್ನು ಓದಿ ನಾನು ನಕ್ಕುಬಿಟ್ಟೆ. ಬಣ್ಣ ಬಳಿದು ನಯವಾಗಿ ಬಂದ ಕಾರಿನ ಮೈಯಲ್ಲಿ ಎಂಜಿನ್ನಿಗೂ ಆಸನಗಳಿಗೂ ನಡುವೆ ಒಂದು ತಗಡಿನ ಗೋಡೆಯಿತ್ತಷ್ಟೆ. ಎಂಜಿನ್ನಿಗೆ ಎಡೆ ಸಾಲದೆ, ಕೆಲಸಗಾರರು ದೊಡ್ಡ ಸುತ್ತಿಗೆಯಿಂದ ಆ ಗೋಡೆಯನ್ನು ಬಡಿದು ತಗ್ಗು ಮಾಡುತ್ತಿದ್ದರು! ನಮ್ಮೂರಿನ ಮೆಕ್ಯಾನಿಕ್ಕು ಮಾಡಿದ್ದೂ ಅದನ್ನೇ. ನಾವು ಅವನನ್ನು ವೃಥಾ ಹಾಸ್ಯ ಮಾಡಿದೆವು. ಇಷ್ಟಾದರೂ ಎಂಟು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದಕ್ಕೆ ಮೂತಿಯ ಕಡೆಯಿಂದ ಕೈ ಹೋಗುತ್ತಿರಲಿಲ್ಲ. ಅದನ್ನು ಬಿಚ್ಚಲು ಆ ಗೋಡೆಯಲ್ಲೇ ತೂತು ಕೊರೆದು, ರಬ್ಬರಿನ ಬಿರಡೆ ಹಾಕಿದ್ದರು.

ದೊಡ್ಡ ಎಂಜಿನ್ನೆಂದರೆ ಭಾರವೇ ಆಗಬೇಕೆಂದಿಲ್ಲ ಎನ್ನುವುದನ್ನೂ ಹೇಳಬೇಕು. 1973ರಿಂದ 1976ರವರೆಗೆ ಎಂ.ಜಿ. ಕಂಪೆನಿ ತನ್ನ 1.8 ಲೀಟರಿನ ಕಾರಿಗೆ ರೋವರಿನ 3.5 ಲೀಟರ್ ಎಂಜಿನ್ನು ಹಾಕಿ 2,591 ಕಾರುಗಳನ್ನು ಮಾಡಿತು. ಹಳೆಯದು ಎರಕದ ಕಬ್ಬಿಣ, ಹೊಸದು ಅಲ್ಯುಮಿನಿಯಂ. ತೂಕ ಹೆಚ್ಚುಕಡಮೆ ಒಂದೇ. ಮಾವನವರಿಗೆ ಸಿಕ್ಕಿದ್ದು ಇದಕ್ಕೆ ವಿರುದ್ಧವಾದ ಎಂಜಿನ್ನು.

ಇನ್ನು ಟೈಗರಿನ ಕೊನೆ. ಅದು ಮಾರುಕಟ್ಟೆಗೆ ಬಂದ ವರ್ಷವೇ ರೂಟ್ಸ್ ಸಂಸ್ಥೆಯಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿ ಪಾಲು ಕೊಂಡಿತು. 1967ರ ವೇಳೆಗೆ ಹಿಡಿತವೆಲ್ಲ ಅದರದಾಯಿತು. ಪ್ರತಿಸ್ಪರ್ಧಿ ಫೋರ್ಡಿನ ಎಂಜಿನ್ನನ್ನು ಹೊತ್ತ ಕಾರನ್ನು ಕ್ರೈಸ್ಲರಿನವರು ಎಷ್ಟು ದಿನ ಮಾರಿಯಾರು? ತಮ್ಮದೇ ಎಂಟು ಸಿಲಿಂಡರಿನ ಎಂಜಿನ್ನನ್ನು ಅದರಲ್ಲಿ ಕೂರಿಸುವ ಆಲೋಚನೆ ನಡೆಯಿತು. ಅದು ಗಾತ್ರದಲ್ಲಿ ದೊಡ್ಡದು. ಅದಕ್ಕಿಂತ ಹೆಚ್ಚಾಗಿ, ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರು ಫೋರ್ಡ್ ಎಂಜಿನ್ನಿನಲ್ಲಿ ಮುಂದುಗಡೆ ಇದ್ದರೆ ಕ್ರೈಸ್ಲರಿನದರಲ್ಲಿ ಹಿಂದುಗಡೆ ಇತ್ತು. ಹಿಂದುಗಡೆ ಇದ್ದದ್ದು ಆ ಸುತ್ತಿಗೆಯ ಪೆಟ್ಟು ತಿಂದ ಗೋಡೆ. ಇನ್ನೆಷ್ಟು ಬಡಿದರೂ ಅದು ಸರಿಯುವಂತಿರಲಿಲ್ಲ.

ಎಂಜಿನ್ನನ್ನು ಬದಲಾಯಿಸಲಾಗದವರು ಫಲಕವನ್ನು ಬದಲಾಯಿಸಿದರು. ಕಾರಿನ ಪಕ್ಕದಲ್ಲಿ ಫೋರ್ಡಿನ ಹೆಸರು ಹೇಳುತ್ತಿದ್ದ ಫಲಕ ಹೋಗಿ ಸನ್‌ಬೀಮ್ ಎಂಬ ಫಲಕ ಬಂತು. ಕೊನೆಕೊನೆಗೆ ಫೋರ್ಡಿನದೇ 4.7 ಲೀಟರಿನ ಎಂಜಿನ್ನು ಹಾಕಿದ ಕೆಲವು ನೂರು ಕಾರುಗಳು ಹೊರಬಂದವು. ಒಟ್ಟು ಸುಮಾರು 7,000 ಆದ ಮೇಲೆ, 1967ರ ಜೂನಿನಲ್ಲಿ ಟೈಗರಿನ ತಯಾರಿಕೆ ನಿಂತುಹೋಯಿತು.