ಮನೆಯ ಶುಚಿಗೆ ಮನೆಯ ವಸ್ತುಗಳು: ಹಿತವಾದುವು, ಅಹಿತವಾದುವು

ಇಂದು ಚಿಕ್ಕ ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿಯೂ ಬಟ್ಟೆ ಒಗೆಯುವುದಕ್ಕೊಂದು ಪುಡಿ, ಪಾತ್ರೆ ತಿಕ್ಕುವುದಕ್ಕೊಂದು ಬಿಲ್ಲೆ, ನೆಲ ಸಾರಿಸುವುದಕ್ಕೊಂದು ದ್ರವ, ಪಾಯಿಖಾನೆಗೆ ಆಸಿಡ್ಡು, ತಲೆಗೆ ಶಾಂಪೂ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಾಮಗ್ರಿಯು ದೊರೆಯುತ್ತದೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೂಲಿಯ ಹಣದಲ್ಲಿ ಒಂದು ಪಾಲು ಇವುಗಳಿಗೇ ಸಂದಿರುವುದು ಕಂಡುಬರುತ್ತದೆ. ಹಿಂದಿನವರು ಇವುಗಳಲ್ಲಿ ಅನೇಕ ಕೆಲಸಗಳನ್ನು ಹಿತ್ತಿಲಿನಲ್ಲಿಯೂ ಒಲೆಯ ಬಾಯಿಯಲ್ಲಿಯೂ ಸಿಗುತ್ತಿದ್ದ ವಸ್ತುಗಳಿಂದಲೇ ಪೂರೈಸಿಕೊಳ್ಳುತ್ತಿದ್ದರು. ಆ ಪದ್ಧತಿಗೆ ಮರಳುವುದು ಆರೋಗ್ಯಕ್ಕೆ ಒಳ್ಳೆಯದೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ದಂಪತಿಗಳು ಕೇಳುವುದುಂಟು. ಕೆಲವು ವಿಷಯಗಳಲ್ಲಿ ನಿಶ್ಚಯವಾಗಿಯೂ ಒಳ್ಳೆಯದು, ಹಣವೂ ಉಳಿಯುತ್ತದೆ. ಮತ್ತೆ ಕೆಲವು ವಿಷಯಗಳಲ್ಲಿ ಅದು ಪ್ರಾಣಕ್ಕೇ ಅಪಾಯಕರವಾದುದು. ಈ ಎರಡನ್ನೂ ಬೇರ್ಪಡಿಸಿ ತಿಳಿದುಕೊಳ್ಳುವುದು ಅವಶ್ಯಕ.

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕಾಗಿದೆ. ಗಿಡಮರಗಳಿಂದ ಬಂದುದೆಲ್ಲ ನಿರಪಾಯಕರ, ಅಂಗಡಿಯಿಂದ ಬಂದುದೆಲ್ಲ ವಿಷ ಎಂಬ ಮಾತು ನಿಜವಲ್ಲ. ಕಣಗಿಲೆಯೂ ಹಿತ್ತಿಲಿನ ಗಿಡವೇ. ಅದರ ಬೀಜವನ್ನು ಅರೆದು ಕುಡಿದವರು ಹೃದಯದ ಬಡಿತ ತಪ್ಪಿ ಸಾಯುತ್ತಾರೆ. ಇತ್ತ ಸಾಬೂನನ್ನು ನೋಡಿದರೆ, ಅದು ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಡನೆ ಕೂಡಿಸಿ ಮಾಡಿದ ವಸ್ತುವಷ್ಟೇ. ಮೈಸೂರು ಸಂಸ್ಥಾನದ ಸರ್ಕಾರವು 1916ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯನ್ನು ಸ್ಥಾಪಿಸಿತು. ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಮ್ಮ ಬಚ್ಚಲುಮನೆಯಲ್ಲಿರುವ ಆ ವಸ್ತುವನ್ನು ಪರಕೀಯವೆಂದು ಭಾವಿಸಿ ದೂರವಿಡಬೇಕಾಗಿಲ್ಲ. ಆದುದರಿಂದ ಒಂದು ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಯಾವ ಕೆಲಸವನ್ನು ಮಾಡುತ್ತದೆ, ಶರೀರದ ಯಾವ ಭಾಗಕ್ಕೆ ತಗಲುತ್ತದೆ ಎಂಬುದನ್ನು ವಿಚಾರಿಸತಕ್ಕದ್ದು.

ಪಾತ್ರೆ, ಬಟ್ಟೆ ಮತ್ತು ನೆಲ

ಸೌದೆಯ ಬೂದಿಯಲ್ಲಿ ಕ್ಷಾರವಿದೆ. ಈ ಕ್ಷಾರವು ಪಾತ್ರೆಯ ಜಿಡ್ಡಿನೊಡನೆ ಸೇರಿ ಅದನ್ನು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಬೂದಿಯ ಕಣಗಳು ಕೊಳೆಯನ್ನು ಉಜ್ಜಿ ತೆಗೆಯುತ್ತವೆ. ಜರಡಿಯಾಡಿದ ಬೂದಿ ಮತ್ತು ತೆಂಗಿನ ನಾರು ಇದ್ದರೆ ಕಬ್ಬಿಣದ ಮತ್ತು ಸ್ಟೀಲಿನ ಪಾತ್ರೆಗಳಿಗೆ ಬೇರೇನೂ ಬೇಕಾಗಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೂದಿ ಸಲ್ಲದು. ಕ್ಷಾರವು ಆ ಲೋಹವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಲಗೆ, ಔಷಧಿಯ ಡಬ್ಬಿ ಇವುಗಳನ್ನು ಸುಟ್ಟ ಒಲೆಯ ಬೂದಿಯನ್ನು ಊಟದ ಪಾತ್ರೆಗೆ ಮುಟ್ಟಿಸಕೂಡದು.

ಹಿತ್ತಾಳೆ, ತಾಮ್ರಗಳ ಕಿಲುಬನ್ನು ಹುಣಿಸೆಹಣ್ಣಿನ ಹುಳಿಯು ಕರಗಿಸುತ್ತದೆ. ಅದೇ ಕಾರಣಕ್ಕಾಗಿಯೇ ಹುಳಿ, ಮಜ್ಜಿಗೆಗಳನ್ನು ಕಲಾಯಿ ಇಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದೆಂದು ಹಿರಿಯರು ಹೇಳುತ್ತಿದ್ದುದು. ಪಾತ್ರೆಯ ಹೊರಮೈಯನ್ನು ಬೆಳಗುವ ಹುಳಿಯು ಒಳಮೈಯ ತಾಮ್ರವನ್ನು ಆಹಾರಕ್ಕೆ ಇಳಿಸಿ ವಾಂತಿ, ಹೊಟ್ಟೆನೋವುಗಳನ್ನು ಉಂಟುಮಾಡುತ್ತದೆ.

ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ವಸ್ತುವಿದೆ. ರೇಷ್ಮೆ, ಉಣ್ಣೆ, ಬಣ್ಣ ಬಿಡುವ ಸೀರೆಗಳಿಗೆ ಇದು ಸಾಬೂನಿಗಿಂತ ಮೃದುವಾದುದು. ಬಯಲುಸೀಮೆಯಲ್ಲಿ ಕೊಳವೆ ಬಾವಿಯ ಗಡಸು ನೀರಿಗೆ ಸಾಬೂನು ಹಾಕಿದರೆ ನೊರೆಯ ಬದಲು ಬಿಳಿಯ ಗಸಿಯು ಕಟ್ಟುವುದನ್ನು ಗೃಹಿಣಿಯರು ಬಲ್ಲರು. ಅಂಟುವಾಳವು ಗಡಸು ನೀರಿನಲ್ಲಿಯೂ ಹಾಗೆ ಗಸಿಗಟ್ಟುವುದಿಲ್ಲ. ಎಂಟು ಹತ್ತು ಕಾಯಿಗಳ ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಸ್ವಲ್ಪ ಕುದಿಸಿ ಸೋಸಿಕೊಳ್ಳಬೇಕು. ಈ ನೀರು ಬಹಳ ದಿನ ಕೆಡದೆ ಇರದು. ಬೇಕಾದಷ್ಟನ್ನು ಆಗಾಗ ಮಾಡಿಕೊಳ್ಳುವುದು ಲೇಸು. ಇದು ಕಣ್ಣಿಗೆ ಬಿದ್ದರೆ ತೀವ್ರವಾದ ಉರಿಯಾಗುತ್ತದೆ.

ನೆಲಕ್ಕೆ ಸಗಣಿ ಸಾರಿಸುವ ವಿಷಯದಲ್ಲಿ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಮಣ್ಣಿನ ನೆಲದ ಧೂಳನ್ನು ಸಗಣಿಯು ಅಡಗಿಸುತ್ತದೆ, ಬಿರುಕನ್ನು ಮುಚ್ಚುತ್ತದೆ. ಅಂಗಳಕ್ಕೆ ಅದು ತಕ್ಕುದೇ. ಅದು ಕ್ರಿಮಿನಾಶಕವೆಂಬ ನಂಬಿಕೆ ಮಾತ್ರ ಸರಿಯಲ್ಲ. ದನಕರುಗಳ ಕರುಳಿನಲ್ಲಿ ವಾಸಿಸುವ ಧನುರ್ವಾಯುವಿನ ರೋಗಾಣು ಸಗಣಿಯ ಮೂಲಕವೇ ಮಣ್ಣಿಗೆ ಸೇರುತ್ತದೆ. ಬಾಣಂತಿ ಮತ್ತು ಕೂಸು ಮಲಗುವ ಕೋಣೆಯ ನೆಲಕ್ಕೂ, ಮೈಮೇಲೆ ಗಾಯವಿರುವವರು ಮಲಗುವ ಜಾಗಕ್ಕೂ ಸಗಣಿ ಬೇಡ.

ಪಾಯಿಖಾನೆಗೆ ಆಸಿಡ್ಡನ್ನು ಸುರಿಯುವವರು ಹೆಚ್ಚುತ್ತಿದ್ದಾರೆ. 2014ರಲ್ಲಿ ಸ್ವಚ್ಛ ಭಾರತ ಯೋಜನೆಯು ಆರಂಭವಾದ ತರುವಾಯ ಕಟ್ಟಿಸಿದ ಶೌಚಾಲಯಗಳಲ್ಲಿ ಬಹಳಷ್ಟು ಎರಡು ಗುಂಡಿಯ ಮಾದರಿಯವು. ಗುಂಡಿಯಲ್ಲಿ ಮಲವನ್ನು ಗೊಬ್ಬರವಾಗಿ ಮಾರ್ಪಡಿಸುವುದು ಸೂಕ್ಷ್ಮಜೀವಿಗಳ ಕೆಲಸ. ಆಸಿಡ್ಡು, ಫಿನಾಯಿಲುಗಳು ಆ ಜೀವಿಗಳನ್ನು ಕೊಲ್ಲುತ್ತವೆ. ಬಟ್ಟೆ ಒಗೆದು ಉಳಿದ ಸಾಬೂನಿನ ನೀರು ಮತ್ತು ಗಟ್ಟಿಯಾದ ಪೊರಕೆ ಸಾಕು. ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕೆ ಆಸಿಡ್ಡನ್ನು ಎಂದಿಗೂ ಸುರಿಯಕೂಡದು. ಅದರಿಂದೇಳುವ ಕ್ಲೋರಿನ್ ಅನಿಲವು ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಹಾಗೆಂದು ಬ್ಲೀಚಿಂಗ್ ಪುಡಿಯನ್ನೇ ತ್ಯಜಿಸುವುದು ಬೇಡ. ಕುಡಿಯುವ ನೀರಿನ ಬಾವಿಗೆ 1,000 ಲೀಟರ್ ನೀರಿಗೆ 2.5 ಗ್ರಾಂನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬೆರೆಸಿ ಒಂದು ಗಂಟೆ ಬಿಡುವ ಕ್ರಮಕ್ಕೆ, ತುಳಸಿಯಾಗಲಿ ನುಗ್ಗೆಯ ಬೀಜವಾಗಲಿ ಸರಿಸಾಟಿಯಲ್ಲ.

ಕೈಗಳು

ಮಲವಿಸರ್ಜನೆಯ ನಂತರ, ಮಗುವಿನ ಮಲವನ್ನು ತೊಳೆದ ನಂತರ, ಅಡುಗೆಗೆ ಮತ್ತು ಊಟಕ್ಕೆ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಮನೆಯಲ್ಲಿ ಒಂದೇ ಸಾಬೂನಿಗೆ ಹಣವಿದ್ದರೆ ಅದು ಮುಖಕ್ಕಲ್ಲ, ಕೈಗೆ. ಸಾಬೂನು ಇಲ್ಲದ ಹೊತ್ತಿನಲ್ಲಿ ಹೊಸದಾಗಿ ತೆಗೆದು ಆರಿಸಿದ ಬೂದಿಯನ್ನು ಬಳಸಿ ಧಾರಾಳವಾದ ನೀರಿನಿಂದ ತೊಳೆಯಬಹುದು. ಅಂಗಳದ ಮಣ್ಣು ಬೇಡ. ಅದರಲ್ಲಿ ಜಂತುಹುಳುವಿನ ಮೊಟ್ಟೆಗಳಿರುತ್ತವೆ. ಮಣ್ಣಿನಿಂದ ಕೈ ತೊಳೆದವನು ಅವುಗಳನ್ನು ಉಗುರಿನ ಸಂದಿಗೆ ತುಂಬಿಕೊಂಡು ಊಟಕ್ಕೆ ಕುಳಿತಂತಾಗುತ್ತದೆ.

ಮೈ, ತಲೆ, ಹಲ್ಲು

ಕಡಲೆಹಿಟ್ಟು, ಹೆಸರುಹಿಟ್ಟುಗಳು ಮೈಯ ಎಣ್ಣೆಯನ್ನು ಹೀರಿಕೊಂಡು ಚರ್ಮವನ್ನು ಒಣಗಿಸದೆ ಬಿಡುತ್ತವೆ. ಸೀಗೆಪುಡಿಯಲ್ಲಿಯೂ ಅಂಟುವಾಳದಲ್ಲಿರುವಂಥ ನೊರೆಯ ಸತ್ವವೇ ಇದೆ; ಸಾಬೂನಿನಂತೆ ಅದು ಕ್ಷಾರವಲ್ಲವಾದುದರಿಂದ ಕೂದಲು ಒರಟಾಗುವುದಿಲ್ಲ. ಎಣ್ಣೆಸ್ನಾನದ ದಿನ ಮಕ್ಕಳು ಅಳುವುದು ಕಣ್ಣಿಗೆ ಬಿದ್ದ ಸೀಗೆಗಾಗಿಯೇ ಹೊರತು ಹಟಕ್ಕಾಗಿ ಅಲ್ಲ. ಅವರಿಗೆ ದಾಸವಾಳದ ಎಲೆಯ ಲೋಳೆಯನ್ನು ಹಚ್ಚಿ ತೊಳೆದರೆ ಸಾಕು.

ಹೇನಿನ ಉಪದ್ರವಕ್ಕೆ ಸೀತಾಫಲದ ಬೀಜವನ್ನು ಅರೆದು ತಲೆಗೆ ಹಚ್ಚುವ ರೂಢಿಯು ಹಲವು ಕಡೆ ಇದೆ. ಈ ಪುಡಿಯು ಕಣ್ಣಿಗೆ ಸೇರಿದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯು ಸುಟ್ಟಂತಾಗಿ ದೃಷ್ಟಿಗೇ ಅಪಾಯವಾಗುತ್ತದೆ. ಸೀಮೆಎಣ್ಣೆಯನ್ನೂ ಬೆಳೆಗೆ ಸಿಂಪಡಿಸುವ ಔಷಧವನ್ನೂ ತಲೆಗೆ ಹಚ್ಚುವವರಿದ್ದಾರೆ. ಮೊದಲನೆಯದರಿಂದ ಒಲೆಯ ಮುಂದೆ ಬೆಂಕಿ ಹತ್ತಿಕೊಂಡೀತು, ಎರಡನೆಯದು ನೆತ್ತಿಯ ಚರ್ಮದಿಂದಲೇ ರಕ್ತಕ್ಕೆ ಇಳಿದು ಮಗುವನ್ನು ಕೊಂದೀತು. ಕೊಬ್ಬರಿ ಎಣ್ಣೆ ಹಚ್ಚಿ ಸೀರಣಿಗೆಯಿಂದ ದಿನ ಬಿಟ್ಟು ದಿನ ಬಾಚುವುದೇ ನಿರಪಾಯಕರವಾದ ಉಪಾಯ. ಅದಕ್ಕೂ ಬಗ್ಗದಿದ್ದರೆ ಪರ್ಮೆಥ್ರಿನ್ ಎಂಬ ಔಷಧವನ್ನು ವೈದ್ಯರಿಂದ ಕೇಳಿ ಪಡೆಯಬಹುದು. ಮನೆಯವರೆಲ್ಲರೂ ಒಂದೇ ದಿನ ಉಪಚಾರ ಮಾಡಿಕೊಳ್ಳದಿದ್ದರೆ ಹೇನು ತಿರುಗಿ ಬರುವುದು ನಿಶ್ಚಯ.

ಹಲ್ಲಿಗೆ ಬೇವಿನ ಕಡ್ಡಿಯು ಒಳ್ಳೆಯದು, ತುದಿಯನ್ನು ಚೆನ್ನಾಗಿ ಜಗಿದು ಮೆದುವಾದ ಕುಂಚದಂತೆ ಮಾಡಿಕೊಂಡರೆ. ಇಟ್ಟಿಗೆಯ ಪುಡಿ, ಇದ್ದಿಲು, ಮರಳು ಇವು ಹಲ್ಲಿನ ಹೊಳಪನ್ನೇ ಸವೆಯಿಸಿಬಿಡುತ್ತವೆ. ಕಡ್ಡಿಪುಡಿಯನ್ನೋ ನಶ್ಯವನ್ನೋ ವಸಡಿಗೆ ಉಜ್ಜುವ ಅಭ್ಯಾಸವು ನಮ್ಮ ಹೆಂಗಸರಲ್ಲಿ ವಿಶೇಷವಾಗಿದೆ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ಹೊಗೆಸೊಪ್ಪನ್ನು ಬೆರೆಸುವುದನ್ನು ಭಾರತ ಸರ್ಕಾರವು 1992ರಲ್ಲಿಯೇ ನಿಷೇಧಿಸಿದೆ. ಬಾಯಿಯ ಕ್ಯಾನ್ಸರಿನ ಮಾತು ಹಾಗಿರಲಿ, ಗರ್ಭಿಣಿಯು ಇದನ್ನು ಉಜ್ಜಿದರೆ ಹುಟ್ಟುವ ಕೂಸಿನ ತೂಕವು ಕಡಿಮೆಯಾಗುತ್ತದೆ. ಹೆಂಡತಿಗೆ ಬುದ್ಧಿ ಹೇಳುವ ಗಂಡನು ತನ್ನ ಜೇಬಿನಲ್ಲಿರುವ ಹೊಗೆಸೊಪ್ಪು, ಸುಣ್ಣಗಳನ್ನು ಮೊದಲು ಹೊರಗೆ ತೆಗೆಯುವುದು ಉಚಿತ. ಆ ಸುಣ್ಣದ ಪೊಟ್ಟಣವನ್ನು ಆಡುವ ಮಕ್ಕಳು ಹಿಸುಕಿದಾಗ ಅದು ಸಿಡಿದು ಕಣ್ಣಿಗೆ ಹಾರುತ್ತದೆ. ಹಾಗಾದಾಗ ಎಣ್ಣೆ, ಎದೆಹಾಲು, ತುಪ್ಪ ಯಾವುದನ್ನೂ ಬಿಡದೆ, ಕಣ್ಣನ್ನು ಅಗಲಿಸಿ ಶುದ್ಧವಾದ ನೀರನ್ನು ಕಾಲು ಗಂಟೆಗೂ ಮೀರಿ ಹರಿಯಬಿಟ್ಟು, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಒಯ್ಯಬೇಕು. ಮೊದಲ ಐದು ನಿಮಿಷಗಳ ನೀರೇ ದೃಷ್ಟಿಯನ್ನು ಉಳಿಸುವುದು.

ಬಾಣಂತಿ ಮತ್ತು ಎಳೆಗೂಸು

ಮನೆಮದ್ದಿನ ವಿಷಯದಲ್ಲಿ ಅತಿ ಹೆಚ್ಚಿನ ಎಚ್ಚರಿಕೆ ಬೇಕಾದುದು ಇಲ್ಲಿ. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಜಾಗವು ಒಂದು ಹಸಿ ಗಾಯ. ಅಲ್ಲಿಗೆ ಬೂದಿ, ಸಗಣಿಯ ಭಸ್ಮ, ಅರಿಸಿನ, ಹರಳೆಣ್ಣೆಗಳನ್ನು ಹಚ್ಚುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಡೆದಿದೆ. ಒಣಗಬೇಕಾದ ಬಳ್ಳಿಯು ಇದರಿಂದ ಒದ್ದೆಯಾಗಿಯೇ ಉಳಿದು ಕೊಳೆಯುತ್ತದೆ. ಸಗಣಿ ಮಣ್ಣುಗಳ ಅಂಶವಿದ್ದರೆ ಧನುರ್ವಾಯುವಿನ ರೋಗಾಣು ನೇರವಾಗಿ ಒಳಗೆ ಹೋಗುತ್ತದೆ. ಎರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಮೂರನೆಯ ದಿನವೋ ವಾರದ ಮೇಲೋ ಬಾಯಿ ತೆರೆಯಲಾರದಾಗುತ್ತದೆ. ಮುಟ್ಟಿದರೆ, ಬೆಳಕು ಬಿದ್ದರೆ ಸಾಕು, ಬಿಲ್ಲಿನಂತೆ ಸೆಟೆಯುತ್ತದೆ. ಗಾಳಿಯ ಸೋಂಕೆಂದು ತಾಯಿತ ಕಟ್ಟಿಸುತ್ತ ಕಳೆಯುವ ಒಂದೊಂದು ಗಂಟೆಯೂ ಕೂಸಿನ ಆಯುಷ್ಯದಿಂದ ಕಳೆದುಹೋದುದೇ.

ಎಳೆಗೂಸುಗಳ ಧನುರ್ವಾಯುವು ಭಾರತದಲ್ಲಿ ನಿವಾರಣೆಯ ಮಟ್ಟಕ್ಕೆ ಇಳಿದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ದೃಢಪಡಿಸಿತು. ಇದರಿಂದ ರೋಗಾಣು ಮಣ್ಣಿನಿಂದ ಮಾಯವಾಯಿತೆಂದು ತಿಳಿಯಬಾರದು. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಶುದ್ಧವಾದ ಬ್ಲೇಡು, ಏನನ್ನೂ ಹಚ್ಚದ ಹೊಕ್ಕುಳು ಈ ನಾಲ್ಕರಿಂದ ರೋಗವನ್ನು ತಡೆದು ನಿಲ್ಲಿಸಲಾಗಿದೆ. ಹಿಂದೆ ಟಿ.ಟಿ. ಎನ್ನುತ್ತಿದ್ದ ಚುಚ್ಚುಮದ್ದಿನ ಸ್ಥಾನದಲ್ಲಿ ಈಗ ಟಿ.ಡಿ. ಎಂಬುದನ್ನು ಕೊಡಲಾಗುತ್ತಿದೆ; ಚೊಚ್ಚಲ ಗರ್ಭಿಣಿಯು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ ಹಾಕಿಸಿಕೊಳ್ಳಬೇಕು.

ಹುಟ್ಟಿದ ಕೂಡಲೇ ಕೂಸಿಗೆ ಎರೆಯಬೇಕೆಂಬ ಆತುರ ಬೇಡ. ಮೈಮೇಲಿನ ಬಿಳಿಯ ಜಿಡ್ಡು ಕೊಳೆಯಲ್ಲ, ಕೂಸಿನ ಚರ್ಮವನ್ನು ಕಾಪಾಡುವ ಲೇಪ. ಒಂದು ದಿನವಾದರೂ ಕಳೆಯಲಿ. ಅನಂತರ ಎರೆಯುವಾಗ ಮೂಗು ಕಿವಿಗಳಿಗೆ ಎಣ್ಣೆ ಬಿಡಕೂಡದು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಗುಣಪಡಿಸಲು ಕಷ್ಟವಾದ ಉಬ್ಬಸವಾಗುತ್ತದೆ. ಸಾಂಬ್ರಾಣಿಯ ಹೊಗೆಯೂ ಆ ಪುಟ್ಟ ಶ್ವಾಸಕೋಶಕ್ಕೆ ಹೊಗೆಯೇ. ಜಂತುಹುಳುವಿಗೆಂದೋ ಕೆಮ್ಮಿಗೆಂದೋ ಬೇವಿನ ಎಣ್ಣೆಯನ್ನು ಕುಡಿಸಿದ ಹಸುಳೆಗಳು ವಾಂತಿ, ಮಂಪರು, ಸೆಳೆತಗಳಿಂದ ಸತ್ತಿರುವುದು ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ಕೂಸಿಗೆ ತೊಡಿಸಲು ಪೆಟ್ಟಿಗೆಯಿಂದ ತೆಗೆದ ಹಳೆಯ ಬಟ್ಟೆಗೆ ನುಸಿಗುಳಿಗೆಯ ವಾಸನೆಯಿದ್ದರೆ ಅದನ್ನು ಒಗೆದು ಬಿಸಿಲಿಗೆ ಒಣಗಿಸಿಯೇ ತೊಡಿಸಬೇಕು, ಏಕೆಂದರೆ ಆ ಗುಳಿಗೆಯ ಆವಿಯಿಂದ ಕೆಲವು ಶಿಶುಗಳ ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ ಬರುತ್ತದೆ. ಪೆಟ್ಟಿಗೆಯಲ್ಲಿ ಗುಳಿಗೆಗೆ ಬದಲಾಗಿ ಒಣಗಿದ ಬೇವಿನ ಎಲೆಯನ್ನು ಇಡುವುದು ಎಲ್ಲ ವಿಧದಲ್ಲಿಯೂ ಉತ್ತಮ.

ಸೀಮೆಎಣ್ಣೆ, ಫಿನಾಯಿಲು, ಆಸಿಡ್ಡುಗಳನ್ನು ತಂಪು ಪಾನೀಯದ ಖಾಲಿ ಶೀಶೆಯಲ್ಲಿ ತುಂಬಿ ಮೂಲೆಯಲ್ಲಿ ಇಡಬಾರದು. ನಡೆಯಲು ಕಲಿತ ಮಗುವಿಗೆ ಅದು ಪಾನೀಯವೇ. ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ವಾಂತಿಯಾಗುವಾಗ ಸೀಮೆಎಣ್ಣೆಯು ಶ್ವಾಸಕೋಶಕ್ಕೆ ಸೇರುತ್ತದೆ, ಆಸಿಡ್ಡು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಶೀಶೆಯ ಸಹಿತ ಮಗುವನ್ನು ಆಸ್ಪತ್ರೆಗೆ ತರಬೇಕು. 108 ಸಂಖ್ಯೆಗೆ ಕರೆಮಾಡಿದರೆ ವಾಹನ ಬರುತ್ತದೆ.

ಗಂಡಹೆಂಡಿರು ಅರಿತಿರಬೇಕಾದುದು

ಮುಟ್ಟಿನ ಬಟ್ಟೆಯನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಹರವಬೇಕು. ನಾಚಿಕೆಯಿಂದ ಅದನ್ನು ಕತ್ತಲೆಯ ಮೂಲೆಯಲ್ಲಿ, ಮತ್ತೊಂದು ಬಟ್ಟೆಯ ಅಡಿಯಲ್ಲಿ ಒಣಗಿಸುವುದರಿಂದ ತೇವವು ಉಳಿದು ತುರಿಕೆ, ಸೋಂಕುಗಳು ಹುಟ್ಟುತ್ತವೆ. ಮನೆಯ ಹಿಂದೆ ಬಿಸಿಲು ಬೀಳುವ ಒಂದು ಮರೆಯನ್ನು ಕಟ್ಟಿಕೊಡುವುದು ಗಂಡಸಿಗೆ ಅರ್ಧ ದಿನದ ಕೆಲಸ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಬೇವಿನ ಕಷಾಯ, ಅಂಟುವಾಳದ ನೀರು, ನಿಂಬೆಯ ರಸ, ಔಷಧದ ಸಾಬೂನು ಇವುಗಳಿಂದ ಯೋನಿಯ ಒಳಭಾಗವನ್ನು ತೊಳೆದರೆ ಶುಚಿಯಾಗುತ್ತದೆ, ಬಸುರೂ ನಿಲ್ಲುವುದಿಲ್ಲ ಎಂದು ನಂಬಿದವರಿದ್ದಾರೆ. ಎರಡೂ ಸುಳ್ಳು. ಆ ಭಾಗದಲ್ಲಿ ಪ್ರಕೃತಿಯೇ ಇರಿಸಿರುವ ಹಿತಕರವಾದ ಸೂಕ್ಷ್ಮಜೀವಿಗಳು ಹುಳಿಯನ್ನು ಉತ್ಪಾದಿಸಿ ರೋಗಾಣುಗಳನ್ನು ತಡೆಯುತ್ತಿರುತ್ತವೆ. ತೊಳೆದಾಗ ನಾಶವಾಗುವುದು ಆ ಕಾವಲೇ. ಹೊರಭಾಗಕ್ಕೆ ಬರಿಯ ನೀರು ಸಾಕು. ವೀರ್ಯಾಣುಗಳಾದರೋ ಕೆಲವೇ ನಿಮಿಷಗಳಲ್ಲಿ ಗರ್ಭಕೋಶದ ಬಾಯಿಯನ್ನು ದಾಟಿರುತ್ತವೆ. ಅಲ್ಲಿಗೆ ಯಾವ ಕಷಾಯವೂ ಮುಟ್ಟುವುದಿಲ್ಲ. ಮಕ್ಕಳ ನಡುವೆ ಅಂತರ ಬೇಕೆನ್ನುವವರಿಗೆ ನಿರೋಧ್, ಮಾಲಾ-ಎನ್ ಮಾತ್ರೆ, ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಅನಂತರ ವಾರಕ್ಕೊಮ್ಮೆ ನುಂಗುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು, ಕಾಪರ್-ಟಿ ಎಂಬ ವಂಕಿ ಇವು ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ದೊರೆಯುತ್ತವೆ. ಬಿಳಿಸೆರಗಿಗೆ ದುರ್ವಾಸನೆ, ತುರಿಕೆ ಅಥವಾ ಬಣ್ಣ ಇದ್ದರೆ ಮನೆಯಲ್ಲಿ ತೊಳೆಯುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ಹೆಂಡತಿಯೊಬ್ಬಳೇ ಬರುವುದಕ್ಕಿಂತ ಇಬ್ಬರೂ ಕೂಡಿ ಬರುವುದು ಮೇಲು. ಕೆಲವು ಸೋಂಕುಗಳಿಗೆ ಇಬ್ಬರೂ ಏಕಕಾಲದಲ್ಲಿ ಔಷಧ ಸೇವಿಸಿದ ಹೊರತು ಗುಣವಿಲ್ಲ.