ಹಳೇ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್: ದುಡ್ಡು ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹಾವೇರಿ: ದೀಪಾವಳಿ ಬಂತು ಅಂದ್ರೆ ನಮ್ಮ ಜಿಲ್ಲೆಯಲ್ಲಿ ಹೋರಿ ಹಬ್ಬ ಶುರು. ಅದರ ಬೆನ್ನಿಗೇ ಮದುವೆ ಸೀಸನ್. ಅಖಾಡದ ವಿಡಿಯೋ ಅದೇ ದಿನ ಸಂಜೆ ಯೂಟ್ಯೂಬ್‌ಗೆ ಹೋಗಬೇಕು, ಮದುವೆ ವಿಡಿಯೋ ಹೇಳಿದ ದಿನ ಪಾರ್ಟಿ ಕೈಗೆ ಸಿಗಬೇಕು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಎಷ್ಟೋ ಸ್ಟುಡಿಯೋ, ಡಿಟಿಪಿ ಅಂಗಡಿಗಳಲ್ಲಿ ಇರೋದು ಎಂಟತ್ತು ವರ್ಷದ ಹಳೇ ಡೆಸ್ಕ್‌ಟಾಪ್. ‘ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಸಿದ್ರ ಸ್ಪೀಡ್ ಆಗ್ತೈತೇನ್ರಿ?’ ಅನ್ನೋ ಪ್ರಶ್ನೆ ಎಲ್ಲಾ ಕಡೆ ಕೇಳಿಬರುತ್ತೆ. ಉತ್ತರ: ಕೆಲವರಿಗೆ ಆಗುತ್ತೆ, ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ, ಯಾವ ಕಾರ್ಡ್ ತಗೋಬೇಕು ಅನ್ನೋದು ಇಲ್ಲಿದೆ.

ಮೊದಲು ರೋಗ ಯಾವುದು ನೋಡಿ

ನುಡಿ, ಟ್ಯಾಲಿ, ಪೇಜ್‌ಮೇಕರ್, ಆನ್‌ಲೈನ್ ಅರ್ಜಿ, ಜಿಎಸ್‌ಟಿ ಬಿಲ್ಲು — ಇವಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಕೋರೆಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡೋರಿಗೂ ಹೆಚ್ಚಾಗಿ ಬೇಕಾಗೋದು ಪ್ರೊಸೆಸರ್ ಮತ್ತು ರ‍್ಯಾಮ್. ಕಾರ್ಡ್ ನಿಜವಾಗಿ ಉಪಯೋಗಕ್ಕೆ ಬರೋದು ವಿಡಿಯೋ ಎಡಿಟಿಂಗ್, ಎಫೆಕ್ಟ್, ಕಲರ್ ಕೆಲಸ, 3ಡಿ ಡಿಸೈನ್ ಮತ್ತು ಗೇಮ್‌ಗೆ.

ಪರೀಕ್ಷೆ ಸುಲಭ ಐತಿ. ಕೆಲಸ ನಿಧಾನ ಆದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅಲ್ಲಿ ಡಿಸ್ಕ್ 100 ಪರ್ಸೆಂಟ್ ತೋರಿಸಿದ್ರೆ ತೊಂದರೆ ಹಾರ್ಡ್ ಡಿಸ್ಕ್‌ನದು, ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿದ್ರೆ ರ‍್ಯಾಮ್ ಹಾಕಿಸಿ. ಜಿಪಿಯು ತುಂಬಿ ನಿಂತಿದ್ರೆ ಮಾತ್ರ ಕಾರ್ಡ್ ವಿಚಾರ ಮಾಡಿ. ಇನ್ನೊಂದು, ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಸಿ. ಫ್ಯಾನ್‌ನಲ್ಲಿ ಧೂಳು ಕೂತು ಬಿಸಿಯಾದ್ರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಮೆಣಸಿನಕಾಯಿ ಪೇಟೆಯ ಆಸುಪಾಸು ಅಂಗಡಿ ಇದ್ದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಎಸ್‌ಎಂಪಿಎಸ್ ತಡೀಬೇಕು

ಚಕ್ಕಡಿಗೆ ಎಂಥಾ ಎತ್ತು ಹೂಡಿದ್ರೂ ಅಚ್ಚು ತಡೀಬೇಕಲ್ಲ? ಇಲ್ಲೂ ಹಂಗೇ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಲ್, ಎಚ್‌ಪಿ, ಲೆನೊವೊ ಸಣ್ಣ ಬಾಕ್ಸ್‌ಗಳಲ್ಲಿ ಎಸ್‌ಎಂಪಿಎಸ್ ಸಾಮಾನ್ಯವಾಗಿ 240 ವ್ಯಾಟ್ ಆಸುಪಾಸು ಇರುತ್ತೆ. ಕಾರ್ಡ್‌ಗೆ ಬೇಕಾದ ಬೇರೆ ಪವರ್ ವೈರ್ ಅದರಲ್ಲಿ ಇರೋದು ಕಡಿಮೆ. ಹಾಗಾಗಿ ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳೋ ಕಾರ್ಡ್ ನೋಡಿ. ಪಿಸಿಐಇ ಸ್ಲಾಟ್ ಕೊಡೋದು ಹೆಚ್ಚೆಂದರೆ 75 ವ್ಯಾಟ್.

ಬಾಕ್ಸ್ ಅಳತೆನೂ ತಗೊಳ್ಳಿ. ನಾನು ಕಾಲೇಜಿನಲ್ಲಿದ್ದಾಗ ಕೂಡಿಟ್ಟ ದುಡ್ಡಲ್ಲಿ ಕಾರ್ಡ್ ತಂದು, ಮನೇಲಿ ಹಾಕೋಕೆ ಹೋದ್ರೆ ಬಾಗಿಲೇ ಮುಚ್ಚಲಿಲ್ಲ. ತಪ್ಪು ನಂದೇ. ಸಣ್ಣ ಬಾಕ್ಸ್‌ಗೆ ಬೇಕಾಗೋದು ‘ಲೋ ಪ್ರೊಫೈಲ್’ ಅನ್ನೋ ಗಿಡ್ಡ ಕಾರ್ಡ್. ಅಂಗಡಿ ಯುಪಿಎಸ್ ಕೂಡ ಲೆಕ್ಕಕ್ಕೆ ತಗೊಳ್ಳಿ. 600 ವಿಎ ಅಂತ ಬರೆದ ಯುಪಿಎಸ್ ತಡೆಯೋದು ಸುಮಾರು 360 ವ್ಯಾಟ್. ಲೋಡ್ ಹೆಚ್ಚಾದಷ್ಟೂ ಕರೆಂಟ್ ಹೋದಾಗ ಬ್ಯಾಕಪ್ ಕಡಿಮೆ.

ಯಾವ ಕಾರ್ಡ್?

ಜಿಟಿ 710: ಬರೀ ಎರಡನೇ ಮಾನಿಟರ್ ಜೋಡಿಸೋಕೆ ಸರಿ. ಎಡಿಟಿಂಗ್‌ಗೆ ಅಲ್ಲ. ಇದರ ಡ್ರೈವರ್‌ಗೆ ಕಂಪನಿ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು 2024ಕ್ಕೇ ಮುಗಿದಿದೆ.

ಜಿಟಿ 1030: ಕರೆಂಟ್ ಕಡಿಮೆ ತಿನ್ನುತ್ತೆ. ಆದ್ರೆ ಒಂದೇ ಹೆಸರಲ್ಲಿ ಎರಡು ಥರ ಬರುತ್ತೆ. ಜಿಡಿಡಿಆರ್5 ಮೆಮೊರಿ ಇರೋದರಲ್ಲಿ ಸೆಕೆಂಡಿಗೆ 48 ಜಿಬಿ ಡೇಟಾ ಓಡಿದರೆ, ಡಿಡಿಆರ್4 ಇರೋದರಲ್ಲಿ 17 ಜಿಬಿಯೂ ಇಲ್ಲ. ಬಾಕ್ಸ್ ಮೇಲೆ ಓದಿಯೇ ತಗೊಳ್ಳಿ.

ಸ್ಟುಡಿಯೋದವರು ಗಮನಿಸಬೇಕಾದ್ದು ಇದು: ಜಿಟಿ 1030 ಮತ್ತು ಆರ್‌ಎಕ್ಸ್ 6400 ಎರಡರಲ್ಲೂ ವಿಡಿಯೋ ಎನ್‌ಕೋಡರ್ ಇಲ್ಲ. ಅಂದ್ರೆ ಕೊನೆಗೆ ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ಇವು ಹೆಗಲು ಕೊಡಲ್ಲ. ಆರ್‌ಎಕ್ಸ್ 6400 ಹಳೇ ಮದರ್‌ಬೋರ್ಡ್‌ನಲ್ಲಿ ಪೂರ್ತಿ ವೇಗಕ್ಕೂ ಬರಲ್ಲ.

ಜಿಟಿಎಕ್ಸ್ 1050 ಟಿಐ ಮತ್ತು ಜಿಟಿಎಕ್ಸ್ 1650ರಲ್ಲಿ ಎನ್‌ಕೋಡರ್ ಇದೆ, ಎರಡೂ 75 ವ್ಯಾಟ್ ಒಳಗಿನವು. ಬಜೆಟ್‌ನಲ್ಲಿ ವಿಡಿಯೋ ಕೆಲಸಕ್ಕೆ 1650 ಹೊಂದುತ್ತೆ. ಕೆಲವು ಮಾಡೆಲ್‌ಗಳಿಗೆ ಮಾತ್ರ ಆರು ಪಿನ್ನಿನ ವೈರ್ ಬೇಕು, ಅಂಥದ್ದು ಬೇಡ ಅಂತ ಮೊದಲೇ ಹೇಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ

2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ, ಹಗಲು ರಾತ್ರಿ ಓಡಿದ್ದ ಕಾರ್ಡ್‌ಗಳು ಹಳೇ ಸಾಮಾನಿನ ಮಾರುಕಟ್ಟೆಗೆ ಬಂದವು. ಹಳೇ ಕಾರ್ಡ್‌ನ ಬಯಾಸ್ ಬದಲಿಸಿ 1050 ಟಿಐ ಅಂತ ಮಾರೋ ಮೋಸನೂ ಇದೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತರಿಸಿ, ಆನ್‌ಲೈನ್‌ನಲ್ಲಿ ತರಿಸಿ, ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ನಕಲಿ ಎನ್‌ವಿಡಿಯಾ ಕಾರ್ಡ್ ಆಗಿದ್ರೆ ‘ಫೇಕ್’ ಅಂತ ತೋರಿಸುತ್ತೆ. ನಿಮ್ಮದೇ ಒಂದು ಪ್ರಾಜೆಕ್ಟ್ ಅರ್ಧ ತಾಸು ಓಡಿಸಿ, ಬಿಲ್ಲು ಮತ್ತು ವಾರಂಟಿ ಮಾತು ಬರಹದಲ್ಲಿ ತಗೊಂಡು ಆಮೇಲೆ ದುಡ್ಡು ಕೊಡಿ.

ಹಾಕುವಾಗ

ವೈರ್ ಕಿತ್ತು, ಕೈಯನ್ನ ಕ್ಯಾಬಿನೆಟ್‌ನ ಕಬ್ಬಿಣಕ್ಕೆ ಮುಟ್ಟಿಸಿ ಆಮೇಲೆ ಕಾರ್ಡ್ ಹಿಡೀರಿ. ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡ್‌ಗೇ ಚುಚ್ಚಬೇಕು. ಮದರ್‌ಬೋರ್ಡ್‌ನಲ್ಲೇ ಬಿಟ್ಟು ‘ಕಾರ್ಡ್ ಕೆಲಸ ಮಾಡಂಗಿಲ್ಲ’ ಅನ್ನೋರು ಬಹಳ. 1030, 1050 ಟಿಐ, 1650ರಲ್ಲಿ ಹಳೇ ವಿಜಿಎ ಪಿನ್ ಬರಲ್ಲ. ಮಾನಿಟರ್ ವಿಜಿಎ ಆದ್ರೆ ಎಚ್‌ಡಿಎಂಐ ಕನ್ವರ್ಟರ್ ಖರ್ಚೂ ಸೇರಿಸಿಕೊಳ್ಳಿ.

ಎಷ್ಟು ಹಾಕಬಹುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 7ನೇ ಜನರೇಷನ್ ಮತ್ತು ಅದಕ್ಕಿಂತ ಹಳೇ ಪ್ರೊಸೆಸರ್‌ಗಳಲ್ಲಿ ಬೆರಳೆಣಿಕೆಯಷ್ಟು ಬಿಟ್ಟರೆ ಉಳಿದವಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಹಾಗಾಗಿ ಕಂಪ್ಯೂಟರಿನ ಇವತ್ತಿನ ಬೆಲೆಗಿಂತ ಕಾರ್ಡಿನ ಬೆಲೆ ಜಾಸ್ತಿ ಆಗ್ತಾ ಇದ್ರೆ ಅಲ್ಲೇ ನಿಲ್ಲಿಸಿ, ಆ ದುಡ್ಡನ್ನ ಹೊಸ ಮಷೀನ್‌ಗೆ ಕೂಡಿಡಿ. ಖರೀದಿ ಮಾಡಿದ್ರೂ ಕಾರ್ಡ್ ಮುಂದಿನ ಕಂಪ್ಯೂಟರ್‌ಗೂ ಬರುತ್ತೆ, ಅದೊಂದು ಸಮಾಧಾನ. ಸೀಸನ್ ಶುರುವಾಗೋಕೆ ಹದಿನೈದು ದಿನ ಮುಂಚೆ ಹಾಕಿಸಿ ನೋಡಿ. ಮದುವೆ ಆರ್ಡರ್ ಕೈಯಲ್ಲಿ ಹಿಡಕೊಂಡು ಕ್ಯಾಬಿನೆಟ್ ಬಿಚ್ಚೋಕೆ ಕೂರಬೇಡಿ.